ಹೆಬ್ಬಾಳದ 30 ಎಕರೆ

ಹೊಂಗೆ ಸಸಿ ಬೆಳೆಸುವ ನನಗೆ ಬೆಂಗಳೂರಿನ ಹೆಬ್ಬಾಳದ ಹೊಲವೆಂದರೆ ಗುರುಮನೆ. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಡಿಸಿದ 30 ಎಕರೆಯಲ್ಲಿ ರಸಾಯನಶಾಸ್ತ್ರಜ್ಞ ಲೆಹ್ಮನ್ ಮಣ್ಣಿಗೂ ಬೆಳೆಗೂ ಇರುವ ನಂಟನ್ನು ಹುಡುಕತೊಡಗಿದರು. ಆಮೇಲೆ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಂದರು. 1913ಕ್ಕೆ ಕೃಷಿ ಶಾಲೆ, 1946ಕ್ಕೆ ಕಾಲೇಜು. ಅಂದು ಹುಡುಕಿದ್ದು ಮಣ್ಣಿಗೆ ಏನು ಸೇರಿಸಬೇಕೆಂದು. ಈಗ ಬೇಡದ್ದೇ ಬಂದು ಸೇರುತ್ತಿದೆ: ಚರಂಡಿ, ಕಾರ್ಖಾನೆಗಳ ನೀರಿನೊಡನೆ ಸೀಸ, ಕ್ಯಾಡ್ಮಿಯಂ. ಕ್ಯಾಡ್ಮಿಯಂ ಎಳೆ ಸಸಿಯ ಬೇರನ್ನೇ ಕುಗ್ಗಿಸುತ್ತದೆ. ಚೀನಾದಲ್ಲಿ ಆಯಸ್ಕಾಂತದ ನಡುವೆ ಹಾಯಿಸಿದ ನೀರನ್ನು ಪಾಪ್ಲರ್ ಸಸಿಗಳಿಗೆ ಉಣಿಸಿ, ಅವು ಈ ವಿಷವನ್ನು ಹೆಚ್ಚು ತಾಳುವುದನ್ನು ಕಂಡಿದ್ದಾರೆ. ಹೊಂಗೆಗೂ ಆ ನೀರು ಒಗ್ಗೀತೇ? ಆ ಪರೀಕ್ಷೆ ಹೆಬ್ಬಾಳದಲ್ಲೇ ನಡೆಯಬೇಕು, ನಮ್ಮ ಕೆರೆಯಂಗಳದ ಮಣ್ಣು ತುಂಬಿದ ಚೀಲಗಳಲ್ಲಿ.