ಜೋಳದ ಕಾಡಿಗೆ: ರೋಗದ ಗುರುತು ಹಿಡಿದ ಕಥೆ



ಮಟಮಾರಿಯ ಹೊಲವಿರಲಿ, ಮಾನ್ವಿ, ದೇವದುರ್ಗದ ಹೊಲವಿರಲಿ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹಿಂಗಾರಿ ಜೋಳದ ತೆನೆಯನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಕಾಳು ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಸಣ್ಣ ಚೀಲವಿದ್ದು, ಹಿಸುಕಿದರೆ ಕರೀ ಪುಡಿ ಬಂತೆಂದರೆ ಅದು ಕಾಡಿಗೆ ರೋಗ. ಮಂಜು ಬಡಿಯಿತು, ದೃಷ್ಟಿ ತಾಕಿತು ಅನ್ನೋ ಮಾತು ಹಳ್ಳಿಗಳಲ್ಲಿ ಹೊಸದಲ್ಲ. ಅದಕ್ಕೆ ಯಾರೂ ನಗಬೇಕಾಗಿಲ್ಲ. ಯುರೋಪಿನ ಪಂಡಿತರೂ ಗೋಧಿಯ ಕಾಡಿಗೆಗೆ ಮಂಜನ್ನೇ ಬೈಯುತ್ತಿದ್ದರು.

ನಮ್ಮ ಕಥೆ ಶುರುವಾಗುವುದೂ ಆ ಗೋಧಿಯಿಂದಲೇ. ಫ್ರಾನ್ಸಿನಲ್ಲಿ ಟಿಲೆ ಎಂಬಾತ ಸಣ್ಣ ಸಣ್ಣ ಮಡಿ ಮಾಡಿ, ಕೆಲವಕ್ಕೆ ಶುದ್ಧ ಬೀಜ, ಕೆಲವಕ್ಕೆ ಕರೀ ಪುಡಿ ಸವರಿದ ಬೀಜ ಬಿತ್ತಿದ. ಪುಡಿ ಸವರಿದ ಮಡಿಯಲ್ಲೇ ರೋಗ ಹೆಚ್ಚು ಬಂತು. ಇದನ್ನು 1755ರಲ್ಲಿ ಅಚ್ಚು ಹಾಕಿಸಿದ. ಆದರೆ ಪುಡಿ ಏನೆಂಬುದು ಅವನಿಗೆ ತಿಳಿಯಲಿಲ್ಲ, ಅದೊಂದು ವಿಷವೆಂದುಕೊಂಡ. ಮುಂದೆ ಅದೇ ದೇಶದಲ್ಲಿದ್ದ ಪ್ರೆವೋ ಎಂಬಾತ ಪುಡಿಯನ್ನು ನೀರಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದು ಮೊಳಕೆ ಒಡೆದಿತ್ತು! ಅಂದರೆ ಅದು ಬೂದಿಯಲ್ಲ, ಶಿಲೀಂಧ್ರದ ಬೀಜ. ತಾಮ್ರದ ಪಾತ್ರೆಯ ನೀರಿನಲ್ಲಿ ಮಾತ್ರ ಮೊಳೆಯಲಿಲ್ಲ. ಹಾಗೆ ಮೈಲುತುತ್ತದ ಉಪಚಾರ ಹುಟ್ಟಿತು. 1807ರ ಈ ಮಾತನ್ನು ಆಗಿನ ದೊಡ್ಡವರು ಒಪ್ಪಲಿಲ್ಲ. ಜರ್ಮನಿಯ ಡಿ ಬಾರಿ 1853ರಲ್ಲಿ ಶಿಲೀಂಧ್ರವೇ ರೋಗಕ್ಕೆ ಮೂಲವೆಂದು ತೋರಿಸುವವರೆಗೂ ವಾದ ನಡೆದೇ ಇತ್ತು.

ನಮ್ಮ ದೇಶದಲ್ಲಿ ಬಿಹಾರದ ಪೂಸಾದಲ್ಲಿದ್ದ ಬಟ್ಲರ್ ಸಾಹೇಬರು 1918ರ ತಮ್ಮ ದೊಡ್ಡ ಪುಸ್ತಕದಲ್ಲಿ ಜೋಳದ ಕಾಡಿಗೆಗಳನ್ನು ಬೇರೆಬೇರೆಯಾಗಿ ವಿವರಿಸಿದರು. ಈ ಬೇರ್ಪಡಿಸುವುದರಲ್ಲೇ ನಮ್ಮ ಲಾಭ ನಷ್ಟ ಇರೋದು, ನೋಡ್ರಿ.

ಕಾಳು ಕಾಡಿಗೆಯಲ್ಲಿ ಚೀಲದ ಸಿಪ್ಪೆ ಗಟ್ಟಿ. ಹೊಲದಲ್ಲಿ ಒಡೆಯೋದು ಅಪರೂಪ, ಕಣದಲ್ಲಿ ಒಡೆಯುತ್ತದೆ. ಒಕ್ಕುವಾಗ ಪುಡಿಯೆಲ್ಲ ಒಳ್ಳೆ ಕಾಳಿಗೆ ಅಂಟುತ್ತದೆ. ಮುಂದಿನ ವರ್ಷ ಆ ಬೀಜ ಬಿತ್ತಿದರೆ ಸಸಿಯೊಳಗೇ ಬೆಳೆದು, ತೆನೆ ಬರುವತನಕ ಸುಳಿವು ಕೊಡುವುದಿಲ್ಲ. ಬಿಡಿ ಕಾಡಿಗೆಯಲ್ಲಿ ಸಿಪ್ಪೆ ತೆಳು. ಹೊಲದಲ್ಲೇ ಒಡೆದು ಪುಡಿ ಹಾರಿ, ನಡುವೆ ಕಡ್ಡಿಯೊಂದು ಉಳಿಯುತ್ತದೆ. ತೆನೆ ಕಾಡಿಗೆಯಲ್ಲಾದರೆ ಇಡೀ ತೆನೆಯೇ ಬಿಳಿ ಪೊರೆಯ ಒಂದು ಗಂಟಾಗಿ, ಒಡೆದ ಮೇಲೆ ಕರೀ ನಾರಷ್ಟೇ ಇರುತ್ತದೆ.

ಮೊದಲೆರಡು ಬೀಜದ ಮೇಲೆ ಬರುವಂಥವು. ಅದಕ್ಕೇ ಕಿಲೋ ಬೀಜಕ್ಕೆ 4 ಗ್ರಾಂ ನಯವಾದ ಗಂಧಕದ ಪುಡಿ ಹಾಕಿ ಗಡಿಗೆಯಲ್ಲಿ ಕುಲುಕಿ ಬಿತ್ತಿದರೆ ತಡೆಯಬಹುದು. ಮೈಲುತುತ್ತದಲ್ಲಿ ನೆನೆಸಿ ಒಣಗಿಸುವ ರಗಳೆ ಇದರಿಂದ ತಪ್ಪಿತು. ಪುಡಿ ಹಚ್ಚಿದ ಬೀಜ ಮಿಕ್ಕರೆ ರೊಟ್ಟಿಗೆ ಬೀಸಬೇಡಿರಿ, ದನಕ್ಕೂ ಹಾಕಬೇಡಿರಿ. ಅಂಗಡಿಯ ಬೀಜಕ್ಕೆ ಉಪಚಾರ ಆಗಿಯೇ ಬರುವುದುಂಟು. ಮನೆಯ ಹಗೇವಿನಿಂದ ತೆಗೆದ ಬೀಜಕ್ಕೆ ನಾವೇ ಮಾಡಬೇಕು. ತೆನೆ ಕಾಡಿಗೆಯ ಪುಡಿ ಮಾತ್ರ ಮಣ್ಣಲ್ಲೇ ಕೂತಿರುತ್ತದೆ, ಬೀಜಕ್ಕೆ ಗಂಧಕ ಹಚ್ಚಿ ಪ್ರಯೋಜನವಿಲ್ಲ. ಬಿಳಿ ಗಂಟು ಕಂಡ ಕೂಡಲೇ, ಒಡೆಯುವ ಮುಂಚೆ, ಮೇಲೊಂದು ಚೀಲ ಮುಚ್ಚಿ ಕೊಯ್ದು, ಹೊಲದಾಚೆ ಒಯ್ದು ಸುಡಬೇಕು.