ಇಪ್ಪತ್ತು ಡಿಗ್ರಿ ಅಂತ ಹೇಳಿದ್ದು ಯಾರು?

ಹೋದ ಚಳಿಗಾಲದ ಕತೆ ಇದು. ಬೆಲ್ಜಿಯಮ್ಮಿನ ಲೂವೆನ್ ಊರಲ್ಲಿ ನಾನಿರೋ ಬಾಡಿಗೆ ಮನೆ, ಅಡುಗೆಮನೆ ಮೂಲೆಯಲ್ಲಿ ಒಂದು ಬಕೆಟ್. ಅದರೊಳಗೆ 20 ಲೀಟರ್ ಸೈಸನ್, ಅಂದ್ರೆ ಈ ದೇಶದ ಹಳ್ಳಿ ಕಡೆಯ ಬಿಯರ್. ಯೀಸ್ಟ್ ಹಾಕಿದ ದಿನ ಹೈಡ್ರೋಮೀಟರ್ 1.055 ತೋರಿಸಿತ್ತು. ಎರಡು ವಾರ ಬಿಟ್ಟು ನೋಡಿದರೆ 1.032. ಮತ್ತೆ ಮೂರು ದಿನ ಕಳೆದು ನೋಡಿದೆ, ಅದೇ 1.032. ಗುಳ್ಳೆ ಬರೋದೂ ನಿಂತಿತ್ತು. ಸರಿ, ಮುಗೀತು ಅಂದುಕೊಂಡು ಬಾಟಲಿ ತೊಳೆಯೋಕೆ ಕೂತೆ. ಪುಣ್ಯಕ್ಕೆ ಆವತ್ತು ಮುಚ್ಚಳಗಳು ಸಾಲಲಿಲ್ಲ!

ಮಾಲ್ಟಿನ ರಸದಲ್ಲಿರೋ ಸಕ್ಕರೆಯಲ್ಲಿ ಯೀಸ್ಟ್ ಎಷ್ಟು ಪಾಲು ತಿಂದು ಮುಗಿಸಿತು ಅನ್ನೋ ಲೆಕ್ಕಕ್ಕೆ ಅಟೆನ್ಯುಯೇಶನ್ ಅಂತಾರೆ. ನನ್ನ ಬಕೆಟ್ಟಿನಲ್ಲಿ 55ರಿಂದ 32ಕ್ಕೆ ಇಳಿದಿತ್ತು, ಅಂದರೆ ಶೇ. 42. ಸೈಸನ್‌ಗೆ ಶೇ. 90ರ ಹತ್ತಿರ ಬರಬೇಕು. (ಆಲ್ಕೋಹಾಲ್ ನೀರಿಗಿಂತ ಹಗುರ, ಹಾಗಾಗಿ ಹೈಡ್ರೋಮೀಟರ್ ಹೇಳೋದು ಬರೀ ತೋರಿಕೆಯ ಅಟೆನ್ಯುಯೇಶನ್. ಈ ವ್ಯತ್ಯಾಸವನ್ನೆಲ್ಲ 19ನೇ ಶತಮಾನದಲ್ಲೇ ಪ್ರಾಗ್‌ನ ಬಾಲಿಂಗ್ ಅನ್ನೋ ರಸಾಯನಶಾಸ್ತ್ರಜ್ಞ ಬಿಡಿಸಿಟ್ಟಿದ್ದಾನೆ.)

ನಾನು ಮಾಡಿದ ತಪ್ಪಾದರೂ ಏನು? ಪುಸ್ತಕ ಹೇಳಿದಂತೆ 19-20 ಡಿಗ್ರಿಯಲ್ಲಿ ಇಟ್ಟಿದ್ದೆ. ಏಲ್ ಯೀಸ್ಟ್ ಅಂದ್ರೆ 20 ಡಿಗ್ರಿ, ಅದಕ್ಕಿಂತ ಬಿಸಿಯಾದರೆ ರುಚಿ ಕೆಡುತ್ತೆ ಅಂತ. ಹಾಗೆ ಹೇಳಿದ್ದು ಯಾರು ಅಂತ ಹುಡುಕುತ್ತಾ ಹೋದೆ ನೋಡಿ, ಅಲ್ಲಿಂದ ಶುರುವಾಯ್ತು.

1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ತಂಪು ಮಾಡೋ ಯಂತ್ರಗಳು ಜರ್ಮನಿಯ ಬಿಯರ್ ಕಾರ್ಖಾನೆಗಳಿಗೆ ಬಂದವು. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಕೆಡೋದು ಯಾಕೆ ಅಂತ ಪುಸ್ತಕವನ್ನೇ ಬರೆದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಒಂದು ಜೀವಕೋಶದಿಂದ ಬೆಳೆಸಿದ ಶುದ್ಧ ಯೀಸ್ಟ್ ಬಳಕೆಗೆ ತಂದ. ತಣ್ಣಗಿರಬೇಕು, ಶುದ್ಧವಾಗಿರಬೇಕು, ನಮ್ಮ ಹಿಡಿತದಲ್ಲಿರಬೇಕು. ಹತ್ತು ಡಿಗ್ರಿ ಆಸುಪಾಸಿನ ಲಾಗರ್ ಬಿಯರ್ ಪ್ರಪಂಚವನ್ನೇ ಗೆದ್ದಿತು. ಬಿಸಿ ಅಂದ್ರೆ ಅನಾಹುತ ಅನ್ನೋ ಭಯ ಆಗ ಗಟ್ಟಿಯಾಗಿ, ಮುಂದೆ ನಮ್ಮಂಥ ಮನೆ ಬ್ರೂವರ್‌ಗಳ ತಲೆಗೂ ಇಳಿಯಿತು ಅನ್ನೋದು ನನ್ನ ಲೆಕ್ಕಾಚಾರ.

ಬೆಲ್ಜಿಯಮ್ಮಿನ ಹಳ್ಳಿಗಳ ಕತೆ ಬೇರೆ. ಹೊಲದ ಮನೆಯವರ ಹತ್ತಿರ ಯಂತ್ರ ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ಬಿಯರ್ ಮಾಡೋದು, ಬೇಸಿಗೆಯಲ್ಲಿ ಹೊಲದ ಆಳುಗಳಿಗೆ ಕೊಡೋದು. ಅದೇ ಸೈಸನ್. ಒಂದು ಸಲದ ಯೀಸ್ಟನ್ನೇ ತೆಗೆದು ಮುಂದಿನ ಸಲಕ್ಕೆ ಹಾಕೋದು, ಥೇಟ್ ನಮ್ಮ ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಬಿಸಿಯಲ್ಲೂ ಸಕ್ಕರೆ ಪೂರ್ತಿ ತಿನ್ನಬಲ್ಲ ಯೀಸ್ಟ್ ಉಳಿಯಿತು, ಆಗದ್ದು ಹೋಯಿತು. ತೂರ್ಪ್ ಅನ್ನೋ ಹಳ್ಳಿಯ ದ್ಯುಪೋಂ ಬ್ರೂವರಿಯಲ್ಲಿ ಸೈಸನ್ 30 ಡಿಗ್ರಿ ದಾಟಿ 35ರ ಹತ್ತಿರ ಹೋಗುತ್ತೆ. ನಾನು ಕೊಂಡಿದ್ದು ಅದೇ ವಂಶದ್ದು ಅಂತ ಹೇಳೋ ಯೀಸ್ಟ್!

ಆಮೇಲೆ 1919ರಲ್ಲಿ ವಾಂಡರ್‌ವೆಲ್ಡೆ ಕಾನೂನು ಬಂತು. ಕೆಫೆಗಳಲ್ಲಿ ಕುಳಿತು ಜೆನೆವರ್‌ನಂಥ ಮದ್ಯ ಕುಡಿಯೋದಕ್ಕೆ ನಿಷೇಧ. ಕಿಕ್ ಬೇಕಾದವರು ಗಟ್ಟಿ ಬಿಯರ್ ಕಡೆ ತಿರುಗಿದರು. ಶೇ. 8-9 ಆಲ್ಕೋಹಾಲ್ ಇರೋ ಬಿಯರಿನಲ್ಲಿ ಸಕ್ಕರೆ ಉಳಿದರೆ ಪಾನಕ ಆಗುತ್ತೆ, ಎರಡನೇ ಗ್ಲಾಸ್ ಯಾರೂ ಮುಟ್ಟಲ್ಲ. ಆದ್ದರಿಂದ ಅಟೆನ್ಯುಯೇಶನ್ ಈಗ ಹೊಟ್ಟೆಪಾಡಿನ ಪ್ರಶ್ನೆ. ಮಾಲ್ಟಿನ ಜೊತೆ ಸ್ವಲ್ಪ ಸಕ್ಕರೆ ಸೇರಿಸೋದೂ ಇದಕ್ಕೇ, ಅದನ್ನು ಯೀಸ್ಟ್ ಪೂರ್ತಿ ತಿಂದುಬಿಡುತ್ತೆ. ವೆಸ್ಟ್‌ಮಾಲೆ ಮಠದ ಟ್ರಿಪೆಲ್ ಬಂದಿದ್ದು 1934ರಲ್ಲಿ.

ಪ್ರಯೋಗಾಲಯ ಇಲ್ಲಿಗೂ ಬಂತು. ಆದರೆ ಬಂದ ರೀತಿ ನನಗೆ ಇಷ್ಟವಾಯ್ತು. ಎರಡನೇ ಮಹಾಯುದ್ಧದ ನಂತರ ಶಿಮೇ ಮಠದ ಫಾದರ್ ತೆಯೋದೋರ್, ಇದೇ ಲೂವೆನ್ನಿನ ಪ್ರೊಫೆಸರ್ ಜಾನ್ ಡಿ ಕ್ಲೆರ್ಕ್ ಅವರ ನೆರವು ಪಡೆದು 1948ರಲ್ಲಿ ಮಠದ ಯೀಸ್ಟ್ ಬೇರ್ಪಡಿಸಿದರು. ವಿಧಾನ ಹ್ಯಾನ್ಸನ್ನನದು, ಆದರೆ ಯೀಸ್ಟ್ ತಮ್ಮದೇ ಮಠದ್ದು. ಡಿ ಕ್ಲೆರ್ಕ್ ಸತ್ತಾಗ ಅವರ ಸಮಾಧಿಯೂ ಆ ಮಠದಲ್ಲೇ ಆಯ್ತು.

ಇನ್ನು ನನ್ನ ತಲೆ ಕೆಡಿಸಿದ ವಿಷಯ. ವೆಸ್ಟ್‌ವ್ಲೆಟೆರೆನ್ ಮಠದವರು ಬಳಸೋದು ವೆಸ್ಟ್‌ಮಾಲೆಯ ಯೀಸ್ಟನ್ನೇ. ಸ್ಟಾನ್ ಹೈರಾನಿಮಸ್ 2005ರಲ್ಲಿ ಬರೆದ 'ಬ್ರೂ ಲೈಕ್ ಎ ಮಂಕ್' ಪುಸ್ತಕದ ಪ್ರಕಾರ ವೆಸ್ಟ್‌ಮಾಲೆಯಲ್ಲಿ 20 ಡಿಗ್ರಿಗೆ ತಡೆಯುತ್ತಾರೆ, ವೆಸ್ಟ್‌ವ್ಲೆಟೆರೆನ್‌ನಲ್ಲಿ 28ರವರೆಗೆ ಏರೋಕೆ ಬಿಡುತ್ತಾರೆ. ಯೀಸ್ಟ್ ಒಂದೇ, ಎರಡೂ ಬಿಯರ್ ಅದ್ಭುತ. ಹಾಗಾದ್ರೆ ಸರಿಯಾದ ಡಿಗ್ರಿ ಯಾವುದು?

ಇಂಜಿನಿಯರಿಂಗ್ ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಯೀಸ್ಟ್ ಸಕ್ಕರೆ ತಿನ್ನುವಾಗ ಶಾಖ ಹುಟ್ಟುತ್ತೆ. ಸಾವಿರಾರು ಲೀಟರಿನ ತೊಟ್ಟಿಯಲ್ಲಿ ಆ ಶಾಖಕ್ಕೆ ಹೋಗೋ ದಾರಿ ಕಡಿಮೆ. 20ಕ್ಕೆ ಯೀಸ್ಟ್ ಹಾಕಿ ಸುಮ್ಮನಿದ್ದರೆ ತಾನಾಗೇ 28 ಮುಟ್ಟುತ್ತೆ. ಅಂದರೆ 28 ಅನ್ನೋದು ಯಾರೋ ಥರ್ಮೋಸ್ಟಾಟಿನಲ್ಲಿ ತಿರುಗಿಸಿಟ್ಟ ಅಂಕಿ ಅಲ್ಲ, ತೊಟ್ಟಿಯ ಗಾತ್ರ, ಕೋಣೆ, ಯೀಸ್ಟ್ ಮೂರೂ ಸೇರಿ ಕೊಟ್ಟ ಉತ್ತರ. ನನ್ನ 20 ಲೀಟರ್ ಬಕೆಟ್ ಮಾತ್ರ ರಾತ್ರಿ ಹೀಟರ್ ಆರಿಸಿದ ಕೂಡಲೇ ತಣ್ಣಗಾಗ್ತಿತ್ತು. ಯೀಸ್ಟ್ ಕಂಬಳಿ ಹೊದ್ದು ಮಲಗದೆ ಇನ್ನೇನು ಮಾಡೀತು?

ನಮ್ಮ ಮಲೆನಾಡಿನ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬರದಿದ್ದರೆ ಅಮ್ಮ ಪಾತ್ರೆಗೆ ಬಟ್ಟೆ ಸುತ್ತಿ ಬಚ್ಚಲೊಲೆ ಪಕ್ಕ ಇಡ್ತಿದ್ಲು. ಇಷ್ಟೆಲ್ಲಾ ಓದಿ ನಾನು ಮಾಡಿದ್ದೂ ಅದನ್ನೇ :-) ಬಕೆಟ್ಟಿಗೆ ಕಂಬಳಿ ಸುತ್ತಿ, ಹೀಟರ್ ಪಕ್ಕಕ್ಕೆ ತಳ್ಳಿ, 30 ಡಿಗ್ರಿಯಲ್ಲಿ ಇಟ್ಟೆ. ಎರಡನೇ ದಿನ ಗುಳ್ಳೆ ಶುರು. ಮೂರು ವಾರಕ್ಕೆ 1.005, ಅಂದರೆ ಶೇ. 91. ಮುಚ್ಚಳ ಸಾಲದೆ ಉಳಿದಿದ್ದೇ ಒಳ್ಳೇದಾಯ್ತು, 1.032ಕ್ಕೇ ಬಾಟಲಿಗೆ ತುಂಬಿದ್ದರೆ ಬೇಸಿಗೆಯಲ್ಲಿ ಒಳಗೇ ಎಚ್ಚರವಾಗಿ ಗಾಜು ಒಡೆದು ಅಡುಗೆಮನೆ ತುಂಬ ಹಾರಿರೋದು. ಅಮ್ಮನಿಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ, ದಯವಿಟ್ಟು ಯಾರೂ ಹೇಳಬೇಡಿ.

ಈಗ ಮೂಲೆಯಲ್ಲಿ ಎರಡು ಬಕೆಟ್ ಇವೆ. ಎರಡರಲ್ಲೂ ವೆಸ್ಟ್‌ಮಾಲೆಯ ಬಾಟಲಿ ತಳದಿಂದ ಬೆಳೆಸಿದ ಯೀಸ್ಟ್. ಒಂದು 20ರಲ್ಲಿದೆ, ಇನ್ನೊಂದು ನಿನ್ನೆ ರಾತ್ರಿ 26 ದಾಟಿತು.