ಹೊಗೆಗೂಡಿಲ್ಲದ ಮನೆ

2014ರ ಜನವರಿಯಲ್ಲಿ ನಾನು ಅಮೆರಿಕದ ಮಿನ್ನೆಸೋಟದಲ್ಲಿ ಮಗನ ಮನೆಯಲ್ಲಿದ್ದೆ. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿ. ಒಳಗೆ ಬನಿಯನ್ನಿನಲ್ಲೇ ಓಡಾಡಬಹುದಾದಷ್ಟು ಬೆಚ್ಚಗೆ. ಅಕ್ಕಪಕ್ಕದ ಹಳೆಯ ಮನೆಗಳಿಗೆಲ್ಲ ಇಟ್ಟಿಗೆಯ ಹೊಗೆಗೂಡಿತ್ತು, ನಮ್ಮದಕ್ಕೆ ಮಾತ್ರ ಇರಲಿಲ್ಲ. "ಬೆಂಕಿ ಎಲ್ಲಿ ಉರಿಯುತ್ತದೆ ಮಾರಾಯ?" ಎಂದು ಕೇಳಿದ್ದಕ್ಕೆ ಮಗ ನೆಲಮಾಳಿಗೆಗೆ ಕರೆದೊಯ್ದು, ಬಟ್ಟೆ ಕಪಾಟಿನಂಥ ತಗಡಿನ ಪೆಟ್ಟಿಗೆಯೊಂದನ್ನು ತೋರಿಸಿದ. ಅದೇ ಫರ್ನೇಸು. ಅದರಿಂದ ಹೊರಟ ಎರಡು ಬಿಳಿ ಪ್ಲಾಸ್ಟಿಕ್ ಕೊಳವೆಗಳು ಗೋಡೆ ತೂರಿ ಹೊರಗೆ ಹೋಗಿದ್ದವು. ಒಂದು ಗಾಳಿ ಎಳೆದುಕೊಳ್ಳಲು, ಇನ್ನೊಂದು ಹೊಗೆ ಬಿಡಲು.

ಹೊಗೆಗೆ ಪ್ಲಾಸ್ಟಿಕ್ ಕೊಳವೆಯೇ! ತೀರ್ಥಹಳ್ಳಿ ಕಡೆಯ ನಮ್ಮ ಬಚ್ಚಲೊಲೆಯ ಮುಂದೆ ಬೆಳೆದ ನನಗೆ ನಂಬುವುದು ಕಷ್ಟವಾಯಿತು. ಅಡಿಕೆ ಸಿಪ್ಪೆ ತುಂಬಿ ಹಂಡೆ ಕಾಯಿಸಿದರೆ ನೀರಿಗೆ ತಾಗಿದ ಬಿಸಿಗಿಂತ ಹಂಚಿನ ಸಂದಿಯಿಂದ ಆಕಾಶಕ್ಕೆ ಹೋದದ್ದೇ ಹೆಚ್ಚು.

ಅಮೆರಿಕದ ಕತೆಯೂ ಬಹುಕಾಲ ಹೀಗೇ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ದೈತ್ಯ ಒಲೆ ಇರುತ್ತಿತ್ತು. ಅದರ ತಲೆಯಿಂದ ಎಲ್ಲ ಕಡೆಗೂ ಚಾಚಿದ ದಪ್ಪ ಕೊಳವೆಗಳನ್ನು ನೋಡಿ ಜನ 'ಆಕ್ಟೋಪಸ್' ಎಂದು ಕರೆದರು. ಬೆಳಗೆದ್ದು ಕಲ್ಲಿದ್ದಲು ತುಂಬಬೇಕು, ಬೂದಿ ಬಾಚಬೇಕು. 1919ರಲ್ಲಿ ನ್ಯೂಜೆರ್ಸಿಯ ಆಲಿಸ್ ಪಾರ್ಕರ್ ಎಂಬ ಕಪ್ಪು ಮಹಿಳೆ, ಗ್ಯಾಸಿನಿಂದ ಮನೆ ಬೆಚ್ಚಗಿಡುವ ಫರ್ನೇಸೊಂದಕ್ಕೆ ಪೇಟೆಂಟ್ ಪಡೆದರು. ಕ್ರಮೇಣ ಎಣ್ಣೆ, ಗ್ಯಾಸು ಬಂದು ಬೂದಿಯ ಕಾಟ ತಪ್ಪಿತು. ಆದರೆ ಇಂಧನ ಅಗ್ಗವಾಗಿದ್ದಷ್ಟು ದಿನ ಹೊಗೆಗೂಡಿನಲ್ಲಿ ಹೋಗುವ ಬಿಸಿಯ ಬಗ್ಗೆ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆಗ ಲೆಕ್ಕ ಶುರುವಾಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಹೊಸ ಬಗೆಯ ಫರ್ನೇಸು ಮಾರುಕಟ್ಟೆಗೆ ಬಂತು. ಗ್ಯಾಸು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಹಳೆಯ ಫರ್ನೇಸು ಅದನ್ನು ಹಾಗೇ ಹೊರಗೆ ಬಿಡುತ್ತಿತ್ತು. ಹೊಸದು ಹೊಗೆಯನ್ನು ಇನ್ನೊಂದು ಸುತ್ತು ತಿರುಗಿಸಿ, ಆವಿ ನೀರಾಗುವಷ್ಟು ತಣಿಸಿ, ಆ ಬಿಸಿಯನ್ನೂ ಮನೆಗೇ ಉಳಿಸಿಕೊಳ್ಳುತ್ತದೆ. ಉಳಿದ ಹೊಗೆಯನ್ನು ಪ್ಲಾಸ್ಟಿಕ್ಕೂ ತಡೆದುಕೊಳ್ಳುತ್ತದೆ. 100 ಪಾಲು ಇಂಧನದಲ್ಲಿ ಹಳೆಯವು 56ರಿಂದ 70 ಪಾಲನ್ನು ಮನೆಗೆ ಕೊಟ್ಟರೆ ಇವು 90ಕ್ಕೂ ಹೆಚ್ಚು ಕೊಡುತ್ತವೆ. 60ರದ್ದನ್ನು ತೆಗೆದು 95ರದ್ದನ್ನು ಕೂರಿಸಿದರೆ, 100 ಡಾಲರ್ ಗ್ಯಾಸಿನ ಕೆಲಸ ಸುಮಾರು 63 ಡಾಲರಿಗೆ ಆಗುತ್ತದೆ. 1987ರಲ್ಲಿ ಮಾಡಿದ ಕಾನೂನು, 1992ರಿಂದ ಮನೆಯ ಗ್ಯಾಸ್ ಫರ್ನೇಸು ಕನಿಷ್ಠ 78 ಪಾಲು ಕೊಡಲೇಬೇಕೆಂದು ವಿಧಿಸಿತು.

ಈ ಪುರಾಣವನ್ನು ಮಗನ ಬಾಯಿಂದ ಕೇಳಿ ಮೆಚ್ಚಿದ ನಾನೇ ಆ ಯಂತ್ರದ ಕತ್ತು ಹಿಸುಕಿದೆ. ಒಂದು ದಿನ ವಿಪರೀತ ಹಿಮ ಬಿತ್ತು. ಸುಮ್ಮನೆ ಕೂತು ಉಣ್ಣುವ ಮುಜುಗರಕ್ಕೆ ಸಲಿಕೆ ಹಿಡಿದು ದಾರಿ ಬಿಡಿಸಿದೆ. ತೆಗೆದ ಹಿಮವನ್ನು ಗೋಡೆಗೆ ಒತ್ತಿ ಅಚ್ಚುಕಟ್ಟಾಗಿ ರಾಶಿ ಹಾಕಿದೆ. ನಡುರಾತ್ರಿ ಎಚ್ಚರವಾದಾಗ ಮೂಗಿನ ತುದಿ ಮರಗಟ್ಟಿತ್ತು. ಸೊಸೆ ಎಂಟು ತಿಂಗಳ ಮಗುವನ್ನು ಎದೆಗವಚಿಕೊಂಡು ಎರಡು ಕಂಬಳಿ ಹೊದ್ದು ಕೂತಿದ್ದಳು. ಫರ್ನೇಸು ನಿಂತಿತ್ತು. "ಅಪ್ಪ, ಹಿಮ ಎಲ್ಲಿ ಹಾಕಿದಿರಿ?" ಎಂದ ಮಗ, ಉತ್ತರಕ್ಕೂ ಕಾಯದೆ ಟಾರ್ಚು ಹಿಡಿದು ಹೊರಗೆ ಓಡಿದ. ಕೊಳವೆಗಳ ಬಾಯಿ ನನ್ನ ರಾಶಿಯಡಿ ಮುಚ್ಚಿಹೋಗಿತ್ತು. ಹೊಗೆಗೆ ದಾರಿಯಿಲ್ಲವೆಂದು ತಿಳಿದು ಯಂತ್ರ ತಾನೇ ಆರಿಕೊಂಡಿತ್ತು. ಆರದೇ ಹೋಗಿದ್ದರೆ, ವಿಷಗಾಳಿ ಮನೆಯೊಳಗೆ ತಿರುಗಬಹುದಿತ್ತು. ಮಗ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಅವನಿಂದ ಪಾಠ ಹೇಳಿಸಿಕೊಂಡೆ. ಗಾಳಿ ಸೋಸುವ ಫಿಲ್ಟರನ್ನು ತಿಂಗಳಿಗೊಮ್ಮೆ ನೋಡಿ, ಕೊಳೆಯಾಗಿದ್ದರೆ ಬದಲಾಯಿಸಬೇಕು. ಕಟ್ಟಿಕೊಂಡರೆ ಉಳಿತಾಯವೆಲ್ಲ ಸೋರಿಹೋಗುತ್ತದೆ. ಆವಿ ತಣಿದ ನೀರು ಚರಂಡಿಗೆ ಹೋಗುವ ಸಣ್ಣ ಕೊಳವೆಯಲ್ಲಿ ಪಾಚಿ ಕಟ್ಟಬಾರದು. ವರ್ಷಕ್ಕೊಮ್ಮೆ, ಚಳಿಗೆ ಮೊದಲು, ಬಲ್ಲವರನ್ನು ಕರೆಸಿ ಪರೀಕ್ಷೆ ಮಾಡಿಸಬೇಕು. ಹೇಳುತ್ತಲೇ ಅವನು ಎಳೆದು ತೆಗೆದ ಫಿಲ್ಟರು ಬೂದು ಕಂಬಳಿಯಂತಿತ್ತು. ಈಗ ಅವನು ತಲೆ ತಗ್ಗಿಸಿದ.

ನಮ್ಮಮ್ಮ ಹಿಂದಿನ ದಿನದ ಬೂದಿ ಬಾಚದೆ ಬಚ್ಚಲೊಲೆಗೆ ಬೆಂಕಿ ಹಾಕಿದವಳಲ್ಲ. ಬೂದಿಯೇ ಇಲ್ಲದ ಒಲೆಗೂ ಆ ಚಾಕರಿ ತಪ್ಪಲಿಲ್ಲ ಎನ್ನಿಸಿತು. ಮಾರ್ಚಿಯಲ್ಲಿ ಊರಿಗೆ ಹೊರಡುವವರೆಗೂ, ಬೆಳಗಿನ ಕಾಫಿಗೆ ಮೊದಲು ಪೊರಕೆ ಹಿಡಿದು ಹೊರಗೆ ಹೋಗಿ, ಆ ಎರಡು ಕೊಳವೆಗಳ ಬಾಯಿ ಗುಡಿಸಿ ಬರುತ್ತಿದ್ದೆ.